ಆಪರೇಷನ್ ಆಯ್ತು, ಮುಂದಿನ ಹತ್ತು ದಿನ ಹೇಗೆ ಅಂತ ಯಾರು ಹೇಳಬೇಕು?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾಯಿಗೋ ಬೆಕ್ಕಿಗೋ ಮರಿ ಆಗದ ಹಾಗೆ ಆಪರೇಷನ್ ಮಾಡಿಸಿಕೊಂಡು ಹೊರಗೆ ಬರುವವರ ಕೈಯಲ್ಲಿ ಒಂದು ಕನ್ನಡದ ಚೀಟಿ ಇರಬೇಕು. ಅದನ್ನು ಕೇಳುವುದಕ್ಕೇ ಈ ಪತ್ರ. ಸಣ್ಣ ವಿಷಯ ಅನ್ನಿಸಬಹುದು. ಆದರೆ ಬಾಗಲಕೋಟೆಯಲ್ಲಿ ನಾನು ಕಂಡ ಮಟ್ಟಿಗೆ ಟೇಬಲ್ ಮೇಲೆ ಕೆಟ್ಟ ಆಪರೇಷನ್ ಕಡಿಮೆ, ಮನೆಗೆ ಬಂದ ಮೇಲೆ ಕೆಟ್ಟಿದ್ದೇ ಜಾಸ್ತಿ. ಅದರಲ್ಲೂ ಹೆಚ್ಚಿನವು ಯಾರಾದರೂ ಎರಡು ಮಾತು ಬಿಡಿಸಿ ಹೇಳಿದ್ದರೆ ಆಗುತ್ತಲೇ ಇರಲಿಲ್ಲ.

ನವನಗರದಲ್ಲಿ ನಮ್ಮ ಪರಿಚಯದವರ ಮನೆಯ ಹೆಣ್ಣು ನಾಯಿಯ ಕಥೆ ಹೇಳುತ್ತೇನೆ. ಅಮಲು ಇನ್ನೂ ಇಳಿದಿರಲಿಲ್ಲ, ಅಷ್ಟರಲ್ಲೇ ಆಟೋದಲ್ಲಿ ಮಲಗಿಸಿ ಕಳಿಸಿದರು. ಕೈಗೆ ಒಂದು ಮಾತ್ರೆ ಚೀಟಿ, ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಾಳೆ, "ನೀರು ಮುಟ್ಟಿಸಬೇಡಿ, ಹತ್ತು ದಿನ ಬಿಟ್ಟು ಬನ್ನಿ" ಅನ್ನುವ ಒಂದು ಮಾತು, ಅಷ್ಟೇ. ದವಾಖಾನೆಯ ಹೆಸರು ಬೇಡ. ಡಾಕ್ಟರ ಕೈ ಚೆನ್ನಾಗಿಯೇ ಇತ್ತು, ಹೊಲಿಗೆಯೂ ಅಚ್ಚುಕಟ್ಟಾಗಿತ್ತು. ಮನೆಯಲ್ಲಿ ಹಗಲು ಇರುವವರು ಅಜ್ಜಿ ಒಬ್ಬರೇ, ಆ ಹಾಳೆ ಅವರಿಗೆ ಓದಲು ಬರುವುದಿಲ್ಲ. ಗಾಯ ನೋಡಿ ಕರುಳು ಚುರ್ ಅಂದು ಅರಿಶಿಣಕ್ಕೆ ಎಣ್ಣೆ ಕಲಸಿ ಹಚ್ಚಿದರು. ಆಮೇಲೆ ಕೇಳಿದರೆ, "ಅರಿಶಿಣ ಹಚ್ಚಿದ್ರ ಏನಾಕ್ಕೈತಿ ತಮ್ಮಾ, ಬಾಣಂತಿಗೂ ಹಚ್ಚತೀವಲ್ಲ" ಅಂದರು. ಅವರ ಪ್ರೀತಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೆ ಎಣ್ಣೆಯ ವಾಸನೆಗೆ ನಾಯಿ ಇನ್ನಷ್ಟು ನೆಕ್ಕಿತು, ನೆಕ್ಕಿ ನೆಕ್ಕಿ ಒಂದು ಕಡೆ ಹೊಲಿಗೆ ಬಿಚ್ಚಿತು, ಪಕ್ಕದಲ್ಲೇ ಎಮ್ಮೆ ಕಟ್ಟುವ ಜಾಗ, ನೊಣಕ್ಕೆ ಬರವೇ? ಗಾಯದಲ್ಲಿ ಹುಳು ಬಿತ್ತು. ಮತ್ತೆ ಅಮಲು ಕೊಟ್ಟು, ಒಂದೊಂದೇ ಹುಳು ತೆಗೆದು, ಮತ್ತೆ ಹೊಲಿದರು. ನಾಯಿ ಉಳಿಯಿತು. ಆದರೆ ಅದು ಪಟ್ಟ ನೋವಿಗೆ ಯಾರು ಹೊಣೆ? ಅಜ್ಜಿಯನ್ನು ದೂರುವುದು ಸರಿಯಲ್ಲ. ಹೇಳದೆ ಕಳಿಸಿದ್ದೇ ತಪ್ಪು ಅಂತ ನನ್ನ ಗಟ್ಟಿ ಅಭಿಪ್ರಾಯ.

ಒಂದು ವಿಷಯ ಜನರಿಗೆ ಗೊತ್ತಾಗಬೇಕು. ಹೆಣ್ಣು ನಾಯಿಗೆ ಮಾಡುವುದು ಸಣ್ಣ ಆಪರೇಷನ್ ಅಲ್ಲ. ಹೊಟ್ಟೆಯ ನಡುವೆ ಅಥವಾ ಪಕ್ಕೆಯಲ್ಲಿ ಕೊಯ್ದು, ಅಂಡಾಶಯವನ್ನೂ ಸಾಮಾನ್ಯವಾಗಿ ಅದರ ಜೊತೆ ಗರ್ಭಕೋಶವನ್ನೂ ತೆಗೆಯುತ್ತಾರೆ. ಆಮೇಲೆ ಒಳಗಿನ ಮಾಂಸದ ಪದರಕ್ಕೆ ಬೇರೆ ಹೊಲಿಗೆ, ಮೇಲಿನ ಚರ್ಮಕ್ಕೆ ಬೇರೆ ಹೊಲಿಗೆ. ಹೊರಗಿನ ಚರ್ಮ ಬೇಗ ಕೂಡಿಕೊಳ್ಳುತ್ತದೆ, ನೋಡುವವರಿಗೆ ವಾಸಿಯಾದ ಹಾಗೆ ಕಾಣುತ್ತದೆ. ಒಳಗಿನದು ಇನ್ನೂ ಹಸಿ ಇರುತ್ತದೆ. ಮೂರು ನಾಲ್ಕನೆಯ ದಿನಕ್ಕೆ ನೋವು ಇಳಿದು ನಾಯಿ ಮೊದಲಿನ ಹಾಗೆ ಕುಣಿಯಲು ಶುರು ಮಾಡುತ್ತದೆ, ಮನೆಯವರಿಗೂ ಖುಷಿ, ಹೊರಗೆ ಬಿಟ್ಟುಬಿಡುತ್ತಾರೆ. ಒಳಹೊಲಿಗೆ ಹರಿಯುವ ಅಪಾಯ ಇರುವುದೇ ಆಗ. ಅದಕ್ಕೇ ಡಾಕ್ಟರು ಹತ್ತರಿಂದ ಹದಿನಾಲ್ಕು ದಿನ ಓಡಾಟ, ಜಿಗಿದಾಟ ಬೇಡ ಅನ್ನುವುದು. ನಾಯಿ ಚುರುಕಾಗಿದೆ ಅಂದ ಮಾತ್ರಕ್ಕೆ ಆ ಲೆಕ್ಕ ಬದಲಾಗುವುದಿಲ್ಲ.

ಮೊದಲ ರಾತ್ರಿ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕಂದರೆ ಮನೆಯವರು ಗಾಬರಿ ಬೀಳುವುದು ಆಗಲೇ. ಅಮಲು ಪೂರ್ತಿ ಇಳಿಯಲು ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ಹಿಡಿಯಬಹುದು. ಕಾಲು ತಡವರಿಸುತ್ತದೆ, ಕಣ್ಣು ಅರೆ ತೆರೆದಿರುತ್ತದೆ, ಕೆಲವು ನಾಯಿ ಸುಮ್ನೆ ಕುಂಯ್ ಕುಂಯ್ ಅನ್ನುತ್ತಿರುತ್ತವೆ. ಮಂಚದ ಮೇಲೆ, ಮೆಟ್ಟಿಲ ಹತ್ತಿರ, ಮಾಳಿಗೆ ಮೇಲೆ ಬಿಡಬೇಡಿ, ಬಿದ್ದುಬಿಡುತ್ತದೆ. ನಮ್ಮ ಕಡೆ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲ, ರಾತ್ರಿ ಹೊತ್ತು ತಣ್ಣಗೆ ಕೊರೆಯುತ್ತದೆ. ಅಮಲಿನಲ್ಲಿರುವ ಪ್ರಾಣಿಗೆ ತನ್ನ ಮೈಬಿಸಿ ತಾನೇ ಕಾಪಾಡಿಕೊಳ್ಳುವ ಶಕ್ತಿ ಇರುವುದಿಲ್ಲ. ಒಗೆದು ಒಣಗಿಸಿದ ಹಳೇ ಕೌದಿ ಹಾಸಿ, ಮೇಲೊಂದು ತೆಳು ಧೋತರ ಹೊದಿಸಿ, ಮನೆ ಮಂದಿಯ ಕಣ್ಣಿಗೆ ಬೀಳುವ ಮೂಲೆಯಲ್ಲಿ ಮಲಗಿಸಿ. ದೀಪ ಮಂದ ಇರಲಿ. ಮಕ್ಕಳು ಮುತ್ತಿಕೊಂಡು ಮುದ್ದು ಮಾಡುವುದು ನಾಳೆ ಆಗಲಿ. ಅಮಲಿನಲ್ಲಿ ಎಂಥ ಸಾಧು ನಾಯಿಯೂ ಗುರುತು ಸಿಗದೆ ಬಾಯಿ ಹಾಕಬಹುದು.

ಹಸಿದಿದೆ ಪಾಪ ಅಂತ ಚಮಚದಿಂದ ಬಾಯಿಗೆ ಹಾಲು ಹೊಯ್ಯುವುದು ನಮ್ಮಲ್ಲಿ ಬಹಳ. ದಯವಿಟ್ಟು ಬೇಡ. ನುಂಗುವ ಶಕ್ತಿ ಇಲ್ಲದಾಗ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ತಾನಾಗಿ ತಲೆ ಎತ್ತಿ ಕೂತು, ನೆಟ್ಟಗೆ ನೋಡಲು ಶುರು ಮಾಡಿದ ಮೇಲೆ ಸ್ವಲ್ಪ ನೀರು ಇಡಿ. ವಾಂತಿ ಆಗದಿದ್ದರೆ ರಾತ್ರಿಗೆ ದಿನಾ ತಿನ್ನುವುದರ ಅರ್ಧಕ್ಕಿಂತ ಕಡಿಮೆ, ಮೆತ್ತಗಿನ ಅನ್ನವೋ ಗಂಜಿಯೋ ಸಾಕು. ಎಲುಬು, ಮಟನ್ ತುಂಡು ಅಂದು ಬೇಡವೇ ಬೇಡ. ಒಂದೆರಡು ದಿನ ಕಕ್ಕಸು ಮಾಡದಿದ್ದರೆ ಗಾಬರಿ ಬೇಡ, ಹೊಟ್ಟೆ ಖಾಲಿ ಇರುತ್ತದೆ. ಆದರೆ ಮೂತ್ರ ಮಾತ್ರ ಒಂದು ದಿನದೊಳಗೆ ಆಗಲೇಬೇಕು.

ಮಲಗುವ ಮುಂಚೆ ಒಂದು ಕೆಲಸ ಮಾಡಿ. ಮೇಲ್ತುಟಿ ಮೆಲ್ಲಗೆ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣ ಇರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಆ ಜಾಗ ಬೆಳ್ಳಗಾಗಿ, ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಆಗಬೇಕು. ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪು, ಅಂಥವಕ್ಕೆ ಕೆಳಗಿನ ಕಣ್ಣುರೆಪ್ಪೆ ಎಳೆದು ಒಳಗಡೆ ನೋಡಬೇಕು. ಒಸಡು ಸುಣ್ಣದ ಹಾಗೆ ಬಿಳಿಚಿಕೊಂಡು, ಹೊಟ್ಟೆ ಉಬ್ಬಿ, ನಾಯಿ ಏಳದೆ ಬಿದ್ದುಕೊಂಡಿದ್ದರೆ ಅದು ಅಮಲು ಅಲ್ಲ, ಒಳಗೆ ರಕ್ತ ಸೋರುತ್ತಿರಬಹುದು. ಬೆಳಗಾಗಲಿ ಅಂತ ಕಾಯಬಾರದು. ಈ ಒಂದು ಪರೀಕ್ಷೆಗೆ ಕಾಸು ಬೇಡ, ಓದು ಬೇಡ, ಯಾರು ಬೇಕಾದರೂ ಮಾಡಬಹುದು. ಇದನ್ನೇ ಯಾರೂ ಹೇಳಿಕೊಡುವುದಿಲ್ಲ ಅನ್ನುವುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಇನ್ನು ಕೋನ್, ಅಂದರೆ ಗಾಯ ನೆಕ್ಕದ ಹಾಗೆ ಕೊರಳಿಗೆ ಹಾಕುವ ಲಾಳಿಕೆ ಆಕಾರದ ಪಟ್ಟಿ. ಇದನ್ನು ಕೊಡದೆ ಕಳಿಸುತ್ತಾರೆ, ಕೊಟ್ಟರೂ ಮನೆಯವರು ಕನಿಕರಪಟ್ಟು ಬಿಚ್ಚಿಡುತ್ತಾರೆ. ನಾಯಿ ನೆಕ್ಕಿದರೆ ಗಾಯ ಮಾಯುತ್ತದೆ ಅನ್ನುವ ನಂಬಿಕೆ ಹಳ್ಳಿಯಲ್ಲೂ ಇದೆ, ಸಿಟಿಯಲ್ಲೂ ಇದೆ. ಅದರ ಬಾಯಲ್ಲಿ ಇರುವ ರೋಗಾಣು ಗಾಯಕ್ಕೆ ಹೋಗುತ್ತದೆ, ನಾಲಿಗೆ ಉಜ್ಜಿ ಉಜ್ಜಿ ಹೊಲಿಗೆ ಸಡಿಲವಾಗುತ್ತದೆ, ಮುಂದಿನ ಹಲ್ಲಿನಿಂದ ದಾರ ಕಿತ್ತು ಹಾಕಲು ಅದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಕೋನಿನ ಅಂಚು ಮೂತಿಯ ತುದಿಗಿಂತ ಸ್ವಲ್ಪ ಮುಂದೆ ಬರಬೇಕು, ಕೊರಳ ಹತ್ತಿರ ಎರಡು ಬೆರಳು ಹೋಗುವಷ್ಟು ಸಡಿಲ ಇರಬೇಕು. ಮೊದಲ ದಿನ ಗೋಡೆಗೆ ಬಾಗಿಲಿಗೆ ಡಿಕ್ಕಿ ಹೊಡೆಯುತ್ತದೆ, ಹಿಂದೆ ಹಿಂದೆ ನಡೆಯುತ್ತದೆ, ಮುಖ ಸಪ್ಪೆ ಮಾಡಿಕೊಂಡು ಕೂರುತ್ತದೆ. ಎರಡನೆಯ ದಿನಕ್ಕೆ ಬಹುತೇಕ ರೂಢಿಯಾಗುತ್ತದೆ. ಊಟದ ತಟ್ಟೆಯನ್ನು ಒಂದು ಇಟ್ಟಿಗೆ ಮೇಲೆ ಎತ್ತರಿಸಿ ಇಟ್ಟರೆ ಕೋನ್ ಇದ್ದೇ ತಿನ್ನುತ್ತದೆ. ರಾತ್ರಿಯಂತೂ ಬಿಚ್ಚಲೇಬಾರದು, ನಾವು ಮಲಗಿದಾಗಲೇ ಅದು ನೆಕ್ಕುವುದು. ಕೋನ್ ಸಿಗದೇ ಹೋದರೆ ಹೆಣ್ಣು ನಾಯಿಗೆ ಹಳೇ ಬನಿಯನ್ ಹಾಕಿ ಬಾಲದ ಹತ್ತಿರ ಗಂಟು ಕಟ್ಟಬಹುದು, ಆದರೆ ಒದ್ದೆಯಾದ ತಕ್ಷಣ ಬದಲಿಸಬೇಕು. ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಬೇರೆ ಕೋಣೆಯಲ್ಲಿ ಇಡಿ. ಕೋನ್ ಹಾಕಿದ ನಾಯಿ ತಾನು ನೆಕ್ಕಲಾರದು, ಜೊತೆಯದು ಬಂದು ನೆಕ್ಕುತ್ತದೆ.

ಇಲ್ಲಿ ನಮ್ಮ ಮುಧೋಳ ನಾಯಿಯ ಮಾತು ಬೇರೆಯಾಗಿಯೇ ಹೇಳಬೇಕು. ಬಾಗಲಕೋಟೆ ಜಿಲ್ಲೆಯ ಹೆಮ್ಮೆ ಅದು, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದಿದೆ, ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ತಳಿಗೆಂದೇ ಸಂಶೋಧನಾ ಕೇಂದ್ರ ಇದೆ. ಓಟದ ನಾಯಿ, ಮೈಯಲ್ಲಿ ಕೊಬ್ಬು ತೀರಾ ಕಡಿಮೆ, ಚರ್ಮ ತೆಳು. ಹಾಗಾಗಿ ಚಳಿ ಬೇಗ ಹತ್ತುತ್ತದೆ. ಇಂಥ ಸಪೂರ ಓಟದ ತಳಿಗಳಲ್ಲಿ ಕೆಲವು ಅರಿವಳಿಕೆ ಔಷಧಿಗಳ ಅಮಲು ಬೇರೆ ನಾಯಿಗಿಂತ ತಡವಾಗಿ ಇಳಿಯುತ್ತದೆ. ಆಪರೇಷನ್‌ಗೆ ಮುಂಚೆಯೇ ಡಾಕ್ಟರಿಗೆ "ಇದು ಮುಧೋಳ ನಾಯಿ, ಎಷ್ಟು ಹೊತ್ತು ನೋಡಿಕೊಂಡು ಕಳಿಸುತ್ತೀರಿ" ಅಂತ ಕೇಳಿ. ತಲೆ ಕಿರಿದು, ಕೊರಳು ಉದ್ದ, ಅಂಗಡಿಯ ಕೋನ್ ಸುಲಭವಾಗಿ ಜಾರಿ ಕಳಚುತ್ತದೆ, ಅದಕ್ಕೆ ಕೊರಳಪಟ್ಟಿಗೆ ಸೇರಿಸಿ ಕಟ್ಟಬೇಕು. ಇನ್ನು ಮೊಲ ಕಂಡರೆ ಹೊಲ ದಾಟುವ ನಾಯಿಯನ್ನು ಹತ್ತು ದಿನ ಸುಮ್ಮನೆ ಕೂರಿಸುವುದು ಸುಲಭವಲ್ಲ, ಅದು ಗೊತ್ತು. ಹೊಲದಲ್ಲಿ ಕೆಲಸ ಇದ್ದರೂ ಕರೆದುಕೊಂಡು ಹೋಗಬೇಡಿ. ಮೂತ್ರಕ್ಕೆ ಹಗ್ಗ ಹಿಡಿದೇ ಕರೆದೊಯ್ಯಿರಿ, ಆದ ತಕ್ಷಣ ಒಳಗೆ ತನ್ನಿ.

ಹವೆಯನ್ನೂ ನೋಡಿಕೊಂಡೇ ದಿನ ಗೊತ್ತು ಮಾಡುವುದು ಒಳ್ಳೆಯದು. ವಿಜಯಪುರದ ಏಪ್ರಿಲ್, ಮೇ ಬಿಸಿಲಿನಲ್ಲಿ ತಗಡಿನ ಶೆಡ್ಡಿನಲ್ಲಿ ಕಟ್ಟಿದರೆ ಅಮಲಿನಲ್ಲಿರುವ ನಾಯಿ ಕಾದುಹೋಗುತ್ತದೆ, ಒಳಗೆ ಫ್ಯಾನಿನ ಕೆಳಗೆ ಇರಲಿ, ಆದರೆ ತಂಪಾಗಲಿ ಅಂತ ಹೊಟ್ಟೆಗೆ ಒದ್ದೆ ಬಟ್ಟೆ ಹಾಕಬಾರದು. ಬೆಳಗಾವಿಯಲ್ಲಿ ಜುಲೈ ಆಗಸ್ಟ್ ಬಂತೆಂದರೆ ಹಾಸಿದ ಬಟ್ಟೆಯೇ ಒಣಗುವುದಿಲ್ಲ. ಗಾಯ ತೇವದಲ್ಲಿದ್ದರೆ ಕೀವು ಗ್ಯಾರಂಟಿ ಅಂತಲೇ ಇಟ್ಟುಕೊಳ್ಳಿ, ದಿನಕ್ಕೆ ಎರಡು ಸಲ ಹಾಸಿಗೆ ಬದಲಿಸಿ, ಮಳೆ ನಿಂತಾಗ ಹೊರಗೆ ಒಯ್ದು ಬಂದು ಕಾಲು, ಹೊಟ್ಟೆಯ ಕೆಳಭಾಗ ಒಣ ಬಟ್ಟೆಯಿಂದ ಒರೆಸಿ. ನಮ್ಮ ಎರೆಮಣ್ಣಿನ ಕೆಸರು ಒಮ್ಮೆ ಹತ್ತಿತೆಂದರೆ ತೊಳೆಯದೆ ಹೋಗುವುದಿಲ್ಲ, ತೊಳೆಯುವ ಹಾಗಿಲ್ಲ, ಅದಕ್ಕೇ ಕೆಸರಿಗೆ ಬಿಡದಿರುವುದೇ ಸರಿ. ಹೊಲಿಗೆ ಬಿಚ್ಚುವವರೆಗೆ ಸ್ನಾನ ಇಲ್ಲ. ದನ ಕಟ್ಟುವ ಮನೆಯವರು ನೊಣದ ಬಗ್ಗೆ ಎರಡು ಪಟ್ಟು ಎಚ್ಚರ ಇರಬೇಕು, ಸೊಳ್ಳೆ ಪರದೆಯೊಳಗೆ ಮಲಗಿಸಿದರೂ ನಡೆಯುತ್ತದೆ, ನೊಣ ಓಡಿಸುವ ಸ್ಪ್ರೇ ಯಾವುದು ಅಂತ ಡಾಕ್ಟರನ್ನೇ ಕೇಳಿ. ಬೇವಿನೆಣ್ಣೆ, ಕೊಬ್ಬರಿ ಎಣ್ಣೆ, ಸುಣ್ಣ, ಸ್ಪಿರಿಟ್ ಯಾವುದನ್ನೂ ಹೊಲಿಗೆಯ ಮೇಲೆ ಹಚ್ಚಬೇಡಿ.

ಗಾಯವನ್ನು ಬೆಳಿಗ್ಗೆ ಸಂಜೆ ನೋಡಬೇಕು, ಮುಟ್ಟಬಾರದು. ಮೊದಲ ದಿನ ಒಂದೆರಡು ಹನಿ ರಕ್ತ, ಎರಡು ಮೂರು ದಿನ ಸ್ವಲ್ಪ ಕೆಂಪು, ಸ್ವಲ್ಪ ಊತ, ಇದೆಲ್ಲ ಇದ್ದದ್ದೇ. ದಿನ ಕಳೆದ ಹಾಗೆ ಊತ ಇಳಿಯಬೇಕು. ಏರುತ್ತಿದ್ದರೆ, ಕೀವು ಬಂದರೆ, ವಾಸನೆ ಹೊಡೆದರೆ, ಹೊಲಿಗೆಯ ನಡುವೆ ಬಾಯಿ ತೆರೆದರೆ, ಚರ್ಮದ ಕೆಳಗೆ ಮೆತ್ತಗಿನ ದೊಡ್ಡ ಉಬ್ಬು ಕಂಡರೆ, ಒಂದು ದಿನ ದಾಟಿದರೂ ಊಟ ಮುಟ್ಟದಿದ್ದರೆ, ವಾಂತಿ ನಿಲ್ಲದಿದ್ದರೆ ತಡ ಮಾಡಬೇಡಿ. ದಿನಾ ಒಂದೇ ಜಾಗದಲ್ಲಿ ಬೆಳಕಿಗೆ ನಿಲ್ಲಿಸಿ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ನಿನ್ನೆಗೂ ಇವತ್ತಿಗೂ ಏನು ಬದಲು ಅಂತ ನಮಗೂ ತಿಳಿಯುತ್ತದೆ, ಡಾಕ್ಟರಿಗೆ ವಾಟ್ಸಾಪ್ ಮಾಡಲೂ ಬರುತ್ತದೆ.

ಮಾತ್ರೆ ವಿಚಾರದಲ್ಲಿ ಕೈ ಮುಗಿದು ಕೇಳಿಕೊಳ್ಳುತ್ತೇನೆ. ನೋವಿದೆ ಅಂತ ನಮ್ಮ ಮನೆಯ ಡಬ್ಬಿಯಿಂದ ಪ್ಯಾರಾಸಿಟಮಾಲ್ ತೆಗೆದು ಬೆಕ್ಕಿಗೆ ಕೊಡಬೇಡಿ. ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಹುದು, ಅದರ ಲಿವರಿಗೆ ಆ ಔಷಧಿಯನ್ನು ಕರಗಿಸುವ ಶಕ್ತಿಯೇ ಇಲ್ಲ. ನಾಯಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಕಿಡ್ನಿ ಕೆಡುತ್ತದೆ. ಪ್ರಾಣಿಗೆ ನೋವಿನ ಔಷಧಿ ಬೇರೆಯೇ ಇದೆ, ಅದನ್ನೂ ತೂಕ ನೋಡಿಯೇ ಕೊಡಬೇಕು. ಡಾಕ್ಟರು ಬರೆದ ಆಂಟಿಬಯೋಟಿಕ್ ಇದ್ದರೆ ಅರ್ಧಕ್ಕೆ ನಿಲ್ಲಿಸದೆ ಮುಗಿಸಿ.

ಬೆಕ್ಕಿನ ಕಾಟವೇ ಬೇರೆ. ಅದನ್ನು ಕಪಾಟಿನ ಮೇಲೆ ಹತ್ತಬೇಡ ಅಂದರೆ ಕೇಳುತ್ತದಾ? ಜಿಗಿಯಲು ಎತ್ತರವೇ ಇಲ್ಲದ ಸಣ್ಣ ಕೋಣೆಯಲ್ಲಿ ಬಿಡಬೇಕು, ಕಿಟಕಿ ಮುಚ್ಚಿರಬೇಕು. ಉಸುಕಿನ ತಟ್ಟೆಯ ಬದಲು ಕೆಲವು ದಿನ ಹರಿದ ಪೇಪರ್ ಹಾಕಿ, ಉಸುಕಿನ ಕಣ ಗಾಯಕ್ಕೆ ಅಂಟಿಕೊಳ್ಳುತ್ತದೆ. ಗಂಡು ನಾಯಿ, ಗಂಡು ಬೆಕ್ಕಿಗೆ ಗಾಯ ಸಣ್ಣದು, ಬೇಗ ಚೇತರಿಸಿಕೊಳ್ಳುತ್ತವೆ. ಆದರೆ ಗಂಡು ನಾಯಿಗೆ ಬೀಜದ ಚೀಲ ಕೆಲವು ದಿನ ಊದಿಕೊಂಡಿರುವುದರಿಂದ "ತೆಗೆದೇ ಇಲ್ಲ" ಅಂತ ಕೆಲವರು ಜಗಳಕ್ಕೆ ಹೋಗುತ್ತಾರೆ. ಸ್ವಲ್ಪ ಊತ ಸಹಜ, ಬಿಗಿಯಾಗಿ ಚೆಂಡಿನಷ್ಟಾದರೆ ಮಾತ್ರ ತೋರಿಸಬೇಕು. ಇನ್ನೊಂದು, ಆಪರೇಷನ್ ಆದ ಕೂಡಲೇ ಗಂಡು ನಾಯಿಯ ಶಕ್ತಿ ಹೋಗುವುದಿಲ್ಲ. ನಾಳದಲ್ಲಿ ಉಳಿದ ವೀರ್ಯದಿಂದ ಕೆಲವು ವಾರ ಮರಿ ಆಗುವ ಸಾಧ್ಯತೆ ಇರುತ್ತದೆ. ಒಂದು ತಿಂಗಳಾದರೂ ಹೆಣ್ಣು ನಾಯಿಯಿಂದ ದೂರ ಇಡಿ.

ಇಷ್ಟೆಲ್ಲ ಕಷ್ಟ ಇದ್ದರೆ ಮಾಡಿಸುವುದೇ ಬೇಡ ಅಂತ ಯಾರಾದರೂ ಅಂದುಕೊಂಡರೆ ನನಗೆ ದುಃಖವಾಗುತ್ತದೆ. ಮಾಡಿಸದ ಹೆಣ್ಣು ನಾಯಿಗೆ ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಬರಬಹುದು, ಆಗ ಅದೇ ಆಪರೇಷನ್ನನ್ನು ಜೀವ ಹೋಗುವ ಹೊತ್ತಿನಲ್ಲಿ ಮಾಡಬೇಕಾಗುತ್ತದೆ. ಮೊದಲ ಬೆದೆಗೆ ಮುಂಚೆ ಮಾಡಿಸಿದರೆ ಮೊಲೆಯ ಗಡ್ಡೆ ಬರುವ ಸಾಧ್ಯತೆಯೂ ಬಹಳ ಕಡಿಮೆಯಾಗುತ್ತದೆ. ಒಂದು ಸಲ ಮರಿ ಹಾಕಲೇಬೇಕು ಅನ್ನುವ ಮಾತಿಗೆ ಯಾವ ಆಧಾರವೂ ಇಲ್ಲ. ಮರಿಗಳನ್ನು ಗೋಣಿಚೀಲದಲ್ಲಿ ತುಂಬಿ ಘಟಪ್ರಭಾ ಹೊಳೆ ದಂಡೆಗೆ ಬಿಟ್ಟು ಬರುವುದನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ? ಹತ್ತು ದಿನದ ಆರೈಕೆ ಅದರ ಮುಂದೆ ಏನೂ ಅಲ್ಲ.

ಬೀದಿ ನಾಯಿಗಳ ಬಗ್ಗೆಯೂ ಒಂದು ಮಾತು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮದ ಪ್ರಕಾರ ಈ ಕೆಲಸದ ಹೊಣೆ ಸ್ಥಳೀಯ ಸಂಸ್ಥೆಗಳದ್ದು, ಅಂದರೆ ನಗರಸಭೆ, ಪಾಲಿಕೆ, ಪಂಚಾಯಿತಿ. ಆಪರೇಷನ್ ಆದ ನಾಯಿಯ ಕಿವಿಗೆ ಗುರುತು ಮಾಡಿರುತ್ತಾರೆ. ಬೀದಿ ನಾಯಿಗೆ ಕೋನ್ ಹಾಕಿ ಕಾಯುವ ಅಜ್ಜಿ ಇಲ್ಲ. ಅದಕ್ಕೇ ಗಾಯ ಮಾಯುವ ಮುಂಚೆ ಅವಸರದಲ್ಲಿ ಬಿಡಲೇಬಾರದು. ಕಿವಿಗೆ ಹೊಸ ಗುರುತು ಇರುವ ನಾಯಿ ನಿಮ್ಮ ಓಣಿಯಲ್ಲಿ ಮಂಕಾಗಿ ಮಲಗಿದ್ದು ಕಂಡರೆ, ಅಟ್ಟಬೇಡಿ, ನೆರಳಿನಲ್ಲಿ ನೀರಿಟ್ಟು, ಹಿಡಿದು ಬಿಟ್ಟವರಿಗೇ ತಿಳಿಸಿ. ಪಶುಸಂಗೋಪನೆ ಇಲಾಖೆಯ ಸಹಾಯವಾಣಿ 1962 ಕೂಡ ಇದೆ.

ಈಗ ನನ್ನ ಬೇಡಿಕೆ. ಸರ್ಕಾರಿ ಪಶು ಆಸ್ಪತ್ರೆ ಇರಲಿ, ಖಾಸಗಿ ಕ್ಲಿನಿಕ್ ಇರಲಿ, ಉಚಿತ ಶಿಬಿರ ಇರಲಿ, ಪ್ರಾಣಿಯನ್ನು ಕೈಗೆ ಕೊಡುವಾಗ ದಪ್ಪ ಅಕ್ಷರದ ಒಂದು ಕನ್ನಡ ಹಾಳೆ ಕೊಡಿ. ಬೆಳಗಾವಿಯಂಥ ಕಡೆ ಮರಾಠಿಯಲ್ಲೂ ಕೊಡಿ, ಬೇಡ ಅನ್ನುವವರು ಯಾರು? ಓದು ಬಾರದವರಿಗೆ ಚಿತ್ರ ಇರಲಿ. ಮಾತ್ರೆಯ ಹೊತ್ತು ಪೆನ್ನಿನಲ್ಲಿ ಬರೆದು, ಹೊಲಿಗೆ ಬಿಚ್ಚುವ ತಾರೀಕನ್ನು ಅಲ್ಲೇ ಹಾಕಿ, ಯಾಕಂದರೆ ಕೆಲವರ ದಾರ ತಾನಾಗಿ ಕರಗುತ್ತದೆ, ಕೆಲವರದು ಬಿಚ್ಚಿಸಬೇಕು, ಯಾವುದು ಅಂತ ಮನೆಯವರಿಗೆ ಗೊತ್ತಿಲ್ಲದೆ ಮೀಸೆ ಕತ್ತರಿಯಿಂದ ಬಿಚ್ಚಿದವರೂ ಇದ್ದಾರೆ. ಮೊದಲ ರಾತ್ರಿ ಕರೆ ಮಾಡಲು ಒಂದು ನಂಬರ್ ಕೊಡಿ. ಡಾಕ್ಟರುಗಳ ಮೇಲೆ ಎಷ್ಟು ಹೊರೆ ಇದೆ ಅಂತ ನನಗೆ ಗೊತ್ತು, ದನ, ಎಮ್ಮೆ, ಕುರಿ, ಎಲ್ಲಾ ಅವರೇ ನೋಡಬೇಕು. ಅದಕ್ಕೇ ಅವರೇ ಕೂತು ವಿವರಿಸಬೇಕು ಅನ್ನುತ್ತಿಲ್ಲ, ಕಾಂಪೌಂಡರ್ ಐದು ನಿಮಿಷ ಓದಿ ಹೇಳಿದರೂ ಸಾಕು. ಕೋನ್ ಕೊಳ್ಳಲಾಗದವರಿಗೆ ಠೇವಣಿ ಇಟ್ಟುಕೊಂಡು ಎರಡು ವಾರಕ್ಕೆ ಕೊಟ್ಟು, ವಾಪಸು ಬಂದ ಮೇಲೆ ತೊಳೆದು ಇನ್ನೊಬ್ಬರಿಗೆ ಕೊಡುವ ಏರ್ಪಾಡು ಮಾಡಬಹುದು.

ಶಿಬಿರ ಮಾಡುವವರಲ್ಲಿ ಇನ್ನೂ ಒಂದು ಕೇಳಿಕೆ. ಮುಂದಿನ ಶಿಬಿರದ ಪ್ರಚಾರಪತ್ರದಲ್ಲಿ ಆಪರೇಷನ್ ದಿನದ ಜೊತೆಗೆ ಮೂರನೆಯ ದಿನ ಗಾಯ ನೋಡುವ ಜಾಗ, ಹೊಲಿಗೆ ಬಿಚ್ಚುವ ದಿನ ಎರಡನ್ನೂ ಅಚ್ಚು ಹಾಕಿಸಿ. ನಮ್ಮ ಓಣಿಯಲ್ಲಿ ಮನೆಮನೆಗೆ ಹಂಚುವ, ಓದಿ ಹೇಳುವ ಕೆಲಸಕ್ಕೆ ನಾನು ಬರುತ್ತೇನೆ.

ಇಂತಿ ನಿಮ್ಮ ಓದುಗ,
ನವನಗರ, ಬಾಗಲಕೋಟೆ